ಟ್ರಂಕಿನ ಮೇಲಿನ ಹಸಿ ಬಣ್ಣ

ನೋಡಿ, ಒಂದೂರಲ್ಲಿ ಒಬ್ಬ ಶ್ರೀಮಂತನಿದ್ದ. ಹೊಲ, ಬಂಗಾರದ ಶ್ರೀಮಂತನಲ್ಲ, ಮಾತಿನ ಶ್ರೀಮಂತ. ಕಟ್ಟೆ ಮೇಲೆ ಕೂತರೆ ಸಂಜೆಯೊಳಗೆ ಎರಡು ಸರ್ಕಾರ ಬೀಳಿಸಿ ಮೂರನೆಯದನ್ನು ಕೂರಿಸುತ್ತಿದ್ದ. ಆದರೆ ಸೈನ್ಯದಲ್ಲಿದ್ದ ಮಗ ಸಿದರಾಯ ರಜೆಗೆ ಬಂದನೆಂದರೆ ಈ ಶ್ರೀಮಂತ ಭಿಕಾರಿ. ಮಗನ ಮುಂದೆ ಮಾತೇ ಹೊರಡದು. ಮಗ ಹೊರಡುವ ಹಿಂದಿನ ದಿನ ಅವನ ಕರಿ ಟ್ರಂಕಿನ ಮೇಲೆ ಹೆಸರು, ನಂಬರನ್ನು ಬಿಳಿ ಬಣ್ಣದಲ್ಲಿ ಹೊಸದಾಗಿ ತಿದ್ದುವುದು, 'ಬೀಗ ಸರಿಯಾಗಿ ಹಾಕು' ಎನ್ನುವುದು. ಅಷ್ಟೇ ಅಪ್ಪನ ಮಮತೆ.

ಈ ಸಲ ಮಗನನ್ನು ಹಿಮದ ಗಡಿಗೆ ಹಾಕಿದ್ದರು. ಆರು ತಿಂಗಳು ಫೋನು ಸಿಕ್ಕರೆ ಸಿಕ್ಕಿತು. ಹೊರಡುವ ದಿನ ಬೆಳಗ್ಗೆ ಹತ್ತಕ್ಕೆ ಬಸ್ಸು. ಅಪ್ಪ ಒಂಬತ್ತಕ್ಕೆ ಬಣ್ಣದ ಡಬ್ಬಿ ತೆಗೆದ.

“ನಿನ್ನೆ ಇಡೀ ದಿನ ಕಟ್ಟಿ ಮ್ಯಾಲ ಕುಂತು ದೇಶ ಆಳಿದ್ರಲ್ಲ, ಆವಾಗ ಹಚ್ಚಾಕ ಏನಾಗಿತ್ರಿ?” ಎಂದಳು ಹೆಂಡತಿ.

“ಹಸಿ ಐತಿ, ಯಾರೂ ಮುಟ್ಟಬ್ಯಾಡ್ರಿ. ಮಧ್ಯಾಹ್ನದ ಬಸ್ಸಿಗೆ ಹೋಗಲಿ,” ಎಂದ ಅಪ್ಪ. ಕೊನೆಯ ಅಂಕಿಯನ್ನು ಮೂರನೇ ಸಲ ತಿದ್ದುತ್ತಿದ್ದ. ಎಲ್ಲಿ ಒಣಗಿಬಿಡುತ್ತದೋ ಅಂತ.

ಸಿದರಾಯ ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ. “ಅಪ್ಪಾ, ಈ ಬಸ್ ತಪ್ಪಿದ್ರ ರೈಲೂ ತಪ್ಪತೈತಿ. ಬಣ್ಣ ಸಾಕು. ಏನ ಹೇಳಬೇಕಂತಿ, ಹೇಳಿಬಿಡು.”

ಕುಂಚ ನಿಂತಿತು. ಅಪ್ಪ ಅದನ್ನು ಡಬ್ಬಿಯೊಳಗಿಟ್ಟ. “ನೀ ಇಲ್ಲದಾಗ,” ಎಂದ, ಟ್ರಂಕಿಗೆ ಹೇಳುವವನಂತೆ, “ನಿನ್ನ ತಾಟಿನ್ಯಾಗ ನಾ ಉಣ್ಣತೀನಿ.”

“ಅದಕ್ಕನ ಆ ತಗ್ಗು ಬಿದ್ದ ತಾಟಿಗೆ ನನ್ನ ಕೂಡ ಜಗಳಾ ತಗೀತಿದ್ರೇನು,” ಎಂದು ಹೆಂಡತಿ ಸೆರಗನ್ನು ಕಣ್ಣಿಗೊತ್ತಿಕೊಂಡಳು.

“ತೂತ ಬೀಳಸಬ್ಯಾಡ ಮತ್ತ,” ಎಂದ ಮಗ. “ಬಂದ ಮ್ಯಾಲ ನನಗ ಬೇಕದು.”

ಅಪ್ಪ ಎದ್ದ. ಯಾರಿಗೂ ಮುಟ್ಟಗೊಡದ ಟ್ರಂಕನ್ನು ತಾನೇ ಎದೆಗವಚಿ ಬಸ್ಸಿನವರೆಗೆ ಹೊತ್ತೊಯ್ದ. ಬಸ್ಸು ಹೋದ ಮೇಲೆ ನೋಡಿಕೊಂಡರೆ ನೀಲಿ ಅಂಗಿಯ ತುಂಬ ಮಗನ ಹೆಸರು, ಉಲ್ಟಾ. ಅದೇ ಅಂಗಿಯಲ್ಲಿ ಕಟ್ಟೆಗೆ ಹೋಗಿ ಕೂತ. ಅವತ್ತು ಯಾವ ಸರ್ಕಾರವೂ ಬೀಳಲಿಲ್ಲ.

ನಗ್ತೀರಿ. ನಿಮ್ಮ ಮನೆಯಲ್ಲಿ ಬಣ್ಣದ ಡಬ್ಬಿ ಇಲ್ಲವೇ? 'ಹೆಲ್ಮೆಟ್ ತಗೊಂಡ್ಯಾ? ಚಾರ್ಜರ್ ತಗೊಂಡ್ಯಾ?' ಅದೇ ಅಲ್ಲವೇ ಡಬ್ಬಿ? ಹೊಸ್ತಿಲು ದಾಟುವವರನ್ನು ಎಲ್ಲಾ ಕೇಳ್ತೀರಿ, ಹೇಳಬೇಕಾದ್ದೊಂದನ್ನು ನುಂಗ್ತೀರಿ. ಎಲ್ಲರ ಮಗನೂ ಕುಕ್ಕರಗಾಲಲ್ಲಿ ಕೂತು ಕೇಳುವುದಿಲ್ಲ. ಬಸ್ಸೂ ಅಷ್ಟು ಹೊತ್ತು ನಿಲ್ಲುವುದಿಲ್ಲ. ನಾಳೆ ಬೆಳಗ್ಗೆ ನಿಮ್ಮವರು ಚಪ್ಪಲಿ ಮೆಟ್ಟುವಾಗ ಹತ್ತಿರ ಹೋಗಿ, ಆ ತಾಟಿನಂಥ ಒಂದು ಮಾತು ಹೇಳಿ. ಹೆಲ್ಮೆಟ್ಟಿನ ಮಾತು ಆಮೇಲೆ ಹೇಳುವಿರಂತೆ. ಅದೂ ಬೇಕು.