ಹೆಂಡತಿಗೆ ಹೇಳದ ಕಾಯಿಲೆ

ಮಠದ ಭಕ್ತರೇ, ಇವತ್ತು ಒಬ್ಬ ಶ್ರೀಮಂತನ ಕಥೆ ಹೇಳುತ್ತೇನೆ, ಕೇಳಿ. ಅವನ ಹೆಸರು ಬೇಡ. ನಿಮ್ಮಲ್ಲಿ ಕೆಲವರು ನಿಮ್ಮದೇ ಹೆಸರು ಹಾಕಿಕೊಳ್ಳಬಹುದು.

ಈ ಶ್ರೀಮಂತ ಜನ್ಮದಲ್ಲಿ ಹೆಂಡ ಮುಟ್ಟಿದವನಲ್ಲ. ಊರಿನ ಸಾರಾಯಿ ಅಂಗಡಿ ಮುಚ್ಚಿಸಿದವನೇ ಅವನು. ಆದರೆ ಊಟ? ನೋಡಿ, ಅದೊಂದನ್ನು ಕೇಳಬೇಡಿ. ಹೋಳಿಗೆಯ ಮೇಲೆ ತುಪ್ಪ, ತುಪ್ಪದ ಮೇಲೆ ಸಕ್ಕರೆ. ಪಕ್ಕದ ಬೀದಿಗೆ ಹೋಗಲೂ ಕಾರು.

ಒಂದು ದಿನ ಸುಸ್ತು ಎಂದು ಆಸ್ಪತ್ರೆಗೆ ಹೋದ. ವೈದ್ಯರು ಸ್ಕ್ಯಾನಿಂಗ್ ಮಾಡಿಸಿ ಹೇಳಿದರು: "ಯಜಮಾನ್ರೇ, ನಿಮ್ಮ ಲಿವರ್‌ನಲ್ಲಿ ಕೊಬ್ಬು ತುಂಬಿದೆ. ಈಗಲೇ ಎಚ್ಚೆತ್ರೆ ಸರಿಹೋಗುತ್ತೆ. ತೊಂಬತ್ತು ಕೆಜಿ ಇದೀರಿ, ನಿಧಾನವಾಗಿ ಒಂಬತ್ತು ಕೆಜಿ ಇಳಿಸಿ. ದಿನಾ ನಡೀರಿ. ಸಿಹಿ, ಕರಿದದ್ದು ಬಿಡಿ. ಮನೇಲಿ ಹೇಳಿ."

ಅವನು ಬೆವೆತುಹೋದ. ಸಾವಿಗೆ ಹೆದರಿ ಅಲ್ಲ, ಊರಿಗೆ ಹೆದರಿ! "ಲಿವರ್ ಕೆಟ್ಟಿದೆ ಅಂದ್ರೆ ಜನ ಏನಂತಾರೆ ಡಾಕ್ಟ್ರೇ? ಕದ್ದು ಕುಡೀತಿದ್ದ ಅಂತಾರೆ!"

"ಕುಡಿಯದವರಿಗೂ ಬರುತ್ತೆ" ಎಂದರು ವೈದ್ಯರು. ಅವನ ಕಿವಿಗೆ ಹೋಗಲಿಲ್ಲ. ರಿಪೋರ್ಟನ್ನು ದಾರಿಯಲ್ಲೇ ಹರಿದು ಬಿಸಾಡಿದ. ಹೆಂಡತಿಗೂ ಹೇಳಲಿಲ್ಲ.

ಪಾಪ, ಆಕೆಗೇನು ಗೊತ್ತು? ಗಂಡ ಬಾಡಿದ್ದಾನೆ ಎಂದು ಇನ್ನೊಂದು ಮಿಳ್ಳೆ ತುಪ್ಪ ತಂದಳು. ಅವನು ಎಲೆಗೆ ಕೈ ಅಡ್ಡ ಹಿಡಿದ. "ನನ್ನಾಣೆ ಕಣ್ರೀ, ಇದೊಂದೇ" ಎಂದಳು. ಕೈ ತೆಗೆದ. ಕಾರಣ ಹೇಳಿದ್ದರೆ ಅವಳು ಬಡಿಸುತ್ತಿದ್ದಳೇ? ಹೇಳಲಿಲ್ಲ. ಒಂದು ವರ್ಷ ಹೇಳಲಿಲ್ಲ, ಐದು ವರ್ಷ ಹೇಳಲಿಲ್ಲ, ಎಂಟು ವರ್ಷ ಹೇಳಲಿಲ್ಲ.

ಆಮೇಲೆ ಕಣ್ಣು ಹಳದಿಯಾಯಿತು. ಹೊಟ್ಟೆಯಲ್ಲಿ ನೀರು ತುಂಬಿತು. ರಕ್ತ ವಾಂತಿಯಾಯಿತು. ಊರು ಏನೆಂದಿತು? ಅವನು ಯಾವ ಮಾತಿಗೆ ಹೆದರಿದ್ದನೋ ಅದನ್ನೇ ಎಂದಿತು. ಆಸ್ಪತ್ರೆಯಲ್ಲಿ ಅದೇ ವೈದ್ಯರು, "ಎಂಟು ವರ್ಷದ ಹಿಂದೇನೇ ಇವರಿಗೆ ಹೇಳಿದ್ನಲ್ಲಮ್ಮ, ಲಿವರ್‌ನಲ್ಲಿ ಕೊಬ್ಬಿದೆ, ಸಿಹಿ, ಕರಿದದ್ದು ಬಿಡಿ ಅಂತ" ಎಂದಾಗ ಹೆಂಡತಿ ಮಂಚದ ಕಾಲು ಹಿಡಿದು ಕುಸಿದಳು.

"ಎಂಟು ವರ್ಷ ನಾನೇ ಬಡಿಸಿದೀನಲ್ಲ ಡಾಕ್ಟ್ರೇ! ಒಂದು ಮಾತು ಹೇಳಿದ್ರೆ ಗಂಜಿ ಕಾಯಿಸಿ ಹಾಕ್ತಿದ್ದೆ!"

ಅವನು ಗೋಡೆಯ ಕಡೆ ಮುಖ ತಿರುಗಿಸಿದ. ಮೂರನೇ ದಿನ ತೀರಿಕೊಂಡ.

ಅಂಥವರು ಈ ಸಭೆಯಲ್ಲೂ ಇದ್ದೀರಿ, ನನಗೆ ಗೊತ್ತು. ನಾಳೆಯಿಂದ ಮಠಕ್ಕೆ ನಡೆದು ಬನ್ನಿ. ಪಾಯಸ ಎರಡನೇ ಸಲ ಕೇಳಬೇಡಿ. ಅನ್ನ ಅರ್ಧ ಮಾಡಿ, ಪಲ್ಯ ಜಾಸ್ತಿ ಮಾಡಿ. ತಾಯಂದಿರೇ, ಸಾಕು ಎಂದವರಿಗೆ ಆಣೆ ಹಾಕಿ ಬಡಿಸಬೇಡಿ. ಕಾಯಿಲೆ ಮುಚ್ಚಿಟ್ಟವರೇ, ಇವತ್ತು ಮನೆಯಲ್ಲಿ ಊಟಕ್ಕೆ ಕೂರುವ ಮೊದಲು ಬಡಿಸುವವರ ಮುಖ ನೋಡಿ ಹೇಳಿಬಿಡಿ. ನೀವು ಹೇಳದೆ ಸತ್ತರೆ, ನಾನೇ ಕೊಂದೆ ಎಂದು ಅವರು ಬದುಕಿಡೀ ಅಳಬೇಕಾಗುತ್ತದೆ.