ಪಾದರಸನ ಎಡಗಾಲಿನ ಬೂಟು

ಹಲೋ... ಯಾರು ಮಾತಾಡ್ತಿರೋದು?

...ಯಾವ ಕ್ಯಾಪ್ಟನ್ನು?... ಓಹೋ, ನಮ್ಮ ಸ್ಕೂಲ್ ಫುಟ್ಬಾಲ್ ಟೀಮಿನ ಕ್ಯಾಪ್ಟನ್ನಾ! ಮೂವತ್ತು ವರ್ಷಕ್ಕೆ ಈ ಟೈಲರ್ ನೆನಪಾದ್ನಲ್ಲ, ನನ್ನ ಪುಣ್ಯ. ಬೇಗ ಹೇಳು, ಗಿರಾಕಿ ನಿಂತಿದ್ದಾರೆ, ಕೋಟಿಗೆ ಅಳತೆ ತಗೋತಿದೀನಿ.

...ಗೊತ್ತು. ಮಂಗಳವಾರ. ಬಸ್ ಡಿಪೋದಲ್ಲಿ ಟೈರ್ ಬಿಚ್ತಾ ಬಿಚ್ತಾನೇ ಎದೆ ಹಿಡ್ಕೊಂಡು ಕೂತ್ನಂತೆ ನಮ್ಮ ಟೀಮಿನ ಪಾದರಸ. ಅಷ್ಟೇ, ಮುಗೀತು. ನಾನು ಹೋಗಿ ಹೆಗಲು ಕೊಟ್ಟು ಬಂದೆ. ನೀನೇ ಕಾಣಲಿಲ್ಲ... ಹಾಂ ಹಾಂ, ಮೀಟಿಂಗು. ಕ್ರೀಡಾ ಸಂಘದ ಅಧ್ಯಕ್ಷರಲ್ವಾ, ಪುರುಸೊತ್ತೆಲ್ಲಿ.

...ಇವತ್ತು ಸಂಜೆ? ಸ್ಕೂಲ್ ಹಾಲಲ್ಲಿ ಸಂತಾಪ ಸಭೆನಾ?... ಬರ್ತೀನಿ, ಬರದೆ ಏನು. ಮಾತಾಡ್ಬೇಕಾ? ಏನಂತ ಮಾತಾಡ್ಲಿ?

...ಏನಂದೆ? ಇನ್ನೊಂದು ಸಲ ಹೇಳು... "ಫೈನಲ್ ದಿನ ಕ್ಯಾಪ್ಟನ್ ತನ್ನ ಕಾಲಿನ ಬೂಟು ಬಿಚ್ಚಿ ಪಾದರಸನಿಗೆ ಕೊಟ್ಟ." ಹೀಗಂತ ನೀನು ಭಾಷಣ ಬಿಗಿಯೋದು, ಕಣ್ಣಾರೆ ಕಂಡೆ ಅಂತ ನಾನು ತಲೆ ಆಡ್ಸೋದು. ಅಲ್ವಾ? ಥೂ ನಿನ್ನ! ಸತ್ತವನ ಹೆಸರಲ್ಲೂ ಚಪ್ಪಾಳೆ ಗಿಟ್ಟಿಸ್ಬೇಕೇನೋ ನಿನಗೆ?

...ಮರೆತಿಲ್ಲಪ್ಪ, ಒಂದೂ ಮರೆತಿಲ್ಲ. ಸ್ಕೂಲಲ್ಲಿದ್ದಿದ್ದೇ ಹತ್ತು ಜೊತೆ ಬೂಟು, ಆಡೋರು ಹನ್ನೊಂದು ಜನ. ಅವನು ಹೊಡೆಯೋದು ಎಡಗಾಲಲ್ಲಿ, ನೀನು ಬಲಗಾಲಲ್ಲಿ. ಅದಕ್ಕೇ ನಿಮ್ಮಿಬ್ಬರಿಗೂ ಸೇರಿ ಒಂದು ಜೊತೆ. ಎಡದ್ದು ಅವನಿಗೆ, ಬಲದ್ದು ನಿನಗೆ. ಎರಡು ವರ್ಷ ಹಾಗೇ ಆಡಿ ಎಲ್ಲರಿಗೂ ಮಣ್ಣು ಮುಕ್ಕಿಸಿದ್ರಿ. ಫೈನಲ್ಗೆ ಆಯ್ಕೆ ಸಮಿತಿಯವರು ಬರ್ತಾರೆ ಅಂತ ಗೊತ್ತಾಗಿದ್ದೇ ತಡ, ಎರಡೂ ನಿನ್ನ ಕಾಲಿಗೇ ಹೋದ್ವು!

...ಆಕಸ್ಮಿಕಾನಾ? ಬರಿಗಾಲಲ್ಲಿ ಇಳಿಸಿದ್ರೆ ಎದುರು ಟೀಮಿನವನು ತುಳೀದೆ ಮುತ್ತು ಕೊಡ್ತಾನಾ? ಎರಡು ಬೆರಳು ಪುಡಿಪುಡಿ ಆಯ್ತಲ್ಲೋ. ಆಮೇಲೆ ಆ ಕಾಲು ಚೆಂಡು ಮುಟ್ಟಲಿಲ್ಲ. ನೀನು ಆಯ್ಕೆ ಆಗಿ ಊರೂರು ತಿರುಗಿದೆ, ಅವನು ಸಾಯೋತನಕ ಕುಂಟ್ಕೊಂಡು ಬಸ್ಸಿನ ಚಕ್ರ ಬಿಚ್ಚಿದ.

...ರೀ, ಕೈ ಇಳಿಸ್ರೀ, ಎಷ್ಟೊತ್ತು ಹಾಗೇ ರೆಕ್ಕೆ ಚಾಚ್ಕೊಂಡು ನಿಂತಿರ್ತೀರಿ, ಕೂತ್ಕೊಳ್ಳಿ... ನಿನಗಲ್ಲ ಮಾರಾಯ, ಗಿರಾಕಿಗೆ.

...ಎಂಥ ಆಟ ಅವನದು, ನೆನಪಾದ್ರೂ ಇದೆಯಾ ನಿನಗೆ? ಪ್ರಾಕ್ಟೀಸಲ್ಲಿ ಗೋಲು ಕಾಯ್ತಿದ್ದ ನನ್ನೆದುರು ನಿಂತು, "ಗೋಲಿ, ನಿನ್ನ ಬಲಕ್ಕೇ ಹಾಕ್ತೀನಿ" ಅಂತ ಹೇಳಿ ಹಾಕ್ತಿದ್ದ. ನಾನೂ ಬಲಕ್ಕೇ ಹಾರ್ತಿದ್ದೆ. ಆದ್ರೂ ಚೆಂಡು ಬಲೆಯೊಳಗೆ! ನನಗೆ "ತೂತು ಗೋಡೆ" ಅಂತ ಹೆಸರಿಟ್ಟವನೂ ಅವನೇ. ವರ್ಷಗಟ್ಲೆ ಇಡೀ ಸ್ಕೂಲು ಹಾಗೇ ಕರೀತು. ಬಾಯಿ ಬೇರೆ ಕೆಟ್ಟದ್ದು ಅವನದು, ಸುಳ್ಳು ಯಾಕೆ ಹೇಳ್ಲಿ.

...ಇಲ್ಲ, ಹೇಳಲ್ಲ ಅಂದ್ರೆ ಹೇಳಲ್ಲ. ಏನು, ನಿನ್ನ ಗುಮಾಸ್ತ ಕೊಟ್ಟಿರೋ ಸಂಘದ ಸಮವಸ್ತ್ರ ಹೊಲಿಯೋ ಕೆಲಸ ತಪ್ಪಿಸ್ತೀಯಾ? ತಪ್ಪಿಸು ಹೋಗು! ಸಂಜೆ ಅದೇ ಹಾಲಲ್ಲಿ, ಅವನ ಮಗಳ ಮುಂದೇನೇ ನಿನ್ನ ಬಣ್ಣ ಬಯಲು ಮಾಡ್ತೀನಿ.

...ಏನು? ಅವಳು ಅಲ್ಲೇ ಇದಾಳಾ? ನಿನ್ನ ಆಫೀಸಲ್ಲಾ?... ಒಳ್ಳೇದೇ ಆಯ್ತು, ಕೊಡು ಫೋನು. ಕೊಡೋ! ಯಾಕೆ, ಕೊಡಲ್ವಾ?... ಹಲೋ?... ಹಲೋ?

...ಓ, ನೀನೇ ಕಿತ್ಕೊಂಡ್ಯಾ? ಹಾಂ ಅಮ್ಮ, ನಾನೇ, ಟೈಲರ್, ನಿಮ್ಮಪ್ಪನ ಟೀಮಿನ ಗೋಲಿ. ಮೊನ್ನೆ ನಿನ್ನ ಹತ್ತಿರ ಬಂದೆ, ಯಾರು ಅಂತ ಹೇಳ್ದೇನೇ ವಾಪಸ್ ಹೋದೆ. ನೋಡಮ್ಮ, ಆ ಮನುಷ್ಯ ಹೇಳೋದನ್ನ ಒಂದಕ್ಷರ ನಂಬಬೇಡ. ಬೂಟು ಕಿತ್ಕೊಂಡವನೇ ಅವನು.

...ಗೊತ್ತಾ ನಿನಗೆ? ಅಪ್ಪ ಹೇಳಿದ್ನಾ?... ಮತ್ತೆ ಅಲ್ಲಿ ಯಾಕೆ ಹೋಗಿ ಕೂತಿದೀಯ?... ನನ್ನ ನಂಬರ್ ಕೇಳೋಕಾ? ನನ್ನದಾ? ಯಾಕಮ್ಮ?

...ಏನಂತ ಹೇಳ್ತಿದ್ದ?... "ಗೋಲಿ ಒಬ್ಬನೇ ತನ್ನ ಬೂಟು ಬಿಚ್ಚಿ ಕೊಡೋಕೆ ಬಂದ, ನಾನೇ ಬೇಡ ಅಂದೆ"... ಹಾಗಂದ್ನಾ? ಪಾದರಸ? ನನ್ನ ಬಗ್ಗೆನಾ?... ಮನೇಲಿ ಎಲ್ಲರ ಹತ್ರಾನೂ?

...ಹಾಂ, ಕೇಳಿಸ್ತಿದೆ... ಸಂಜೆ ಮೊದಲು ನಾನೇ ಮಾತಾಡ್ಬೇಕಾ? ಇವನಿಗಿಂತ ಮೊದಲು?... ಹೂಂ... ತಡಿಯಮ್ಮ... ರೀ, ನೀವು ನಾಳೆ ಬನ್ರೀ, ಅಳತೆ ನಾಳೆ ತಗೋತೀನಿ.

...ಇಲ್ಲಮ್ಮ. ಅದು ಸುಳ್ಳು. ನಾನು ಕೊಡೋಕೆ ಹೋಗಲಿಲ್ಲ, ಅವನೇ ಬಂದು ಕೇಳಿದ. "ಎಡದ್ದೊಂದು ಕೊಡೋ, ನೀನೇನು ಮೈದಾನ ತುಂಬ ಓಡ್ಬೇಕಾ" ಅಂತ ನಗ್ತಾನೇ ಕೇಳಿದ. ಇಬ್ಬರದೂ ಒಂದೇ ಅಳತೆ. ನಾನು "ನಿನ್ನ ಕಾಲಿಗಾಗಲ್ಲ ಹೋಗು" ಅಂದೆ.

...ಯಾಕೆ ಅಂದ್ರೆ... ಹೊಟ್ಟೆಕಿಚ್ಚಮ್ಮ. ಇನ್ನೇನು. ಒಂದು ದಿನ, ಒಂದೇ ಒಂದು ದಿನ ಅವನು ಸಪ್ಪಗೆ ಆಡ್ಲಿ, ಜನ ನನ್ನ ಕಡೆಗೂ ನೋಡ್ಲಿ ಅನ್ನಿಸ್ತು. ಕಾಲು ಹೋಗ್ಲಿ ಅಂತಲ್ಲ, ನಿನ್ನಾಣೆ, ಅದಕ್ಕಲ್ಲ...

...ಅಮ್ಮಾ?... ಫೋನ್ ಇಡ್ತೀಯಾ?... ಬೈಯಮ್ಮ, ಬೈದು ಇಡು. ಸಂಜೆ ನಾನು ಬರ್ಲಾ, ಬೇಡ್ವಾ, ಅದನ್ನಾದ್ರೂ ಹೇಳಿ ಇಡ—