ಹೊಂಡದ ಹಗ್ಗ

ನವಲಗುಂದದ ದವಾಖಾನೆಯಲ್ಲಿ ನನ್ನ ಪಕ್ಕದ ಬೆಂಚಿನ ಮೇಲೆ ಒಬ್ಬ ಮುದುಕ ಮತ್ತು ಅವನ ಸೊಸೆ ಕುಳಿತಿದ್ದರು. ಸೊಸೆಯ ಸೀರೆ ಇನ್ನೂ ಒದ್ದೆಯಿತ್ತು. ಅವಳ ಆರು ವರ್ಷದ ಮಗಳು ಹೊಲದ ಕೃಷಿಹೊಂಡಕ್ಕೆ ಬಿದ್ದು, ಹೇಗೋ ಉಳಿದು, ಒಳಗೆ ಮಲಗಿದ್ದಳು.

"ತಪ್ಪು ನಂದರೀ ಮಾವಾರ. ಹತ್ತಿ ಬಿಡಸ್ಕೋತ ಮುಂದ ಹ್ವಾದೆ, ಹಿಂದ ನೋಡಲಿಲ್ಲ."

"ಅಳಬ್ಯಾಡ ಸುವರ್ಣಾ. ಡಾಕ್ಟರು ಆರಾಮದಾಳ ಅಂದ್ರಲ್ಲ."

"ಹೊಂಡಕ್ಕ ಹಾಸಿದ ಪ್ಲಾಸ್ಟಿಕ್ ಜಾರತೈತಿ, ಕಾಲ ನಿಲ್ಲಂಗಿಲ್ಲ. ಬಿದ್ದವರು ಹಿಡಕೊಂಡು ಹತ್ತಾಕಂತನ ಗೂಟಕ್ಕ ಹಗ್ಗ ಕಟ್ಟಿದ್ವಿ. ಓಡಿ ಹೋಗಿ ನೋಡಿದ್ರ ಹಗ್ಗನ ಇಲ್ಲ."

"ಮತ್ತ ಹೆಂಗ ತಗದಿ?"

"ಉಟ್ಟ ಸೀರಿ ಬಿಚ್ಚಿ ಆಕಿ ಕಡೆ ಒಗದೆ. ಮೊದಲನೇ ಸಲ ಆಕಿ ಕೈಗೆ ಸಿಗಲಿಲ್ಲ."

ಮುದುಕ ತಲೆಯ ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡ.

"ಯಾವ ಕಳ್ಳ ಒಯ್ದಾನೋ, ಅವನ ಕೈ ಮುರೀಲಿ."

"ಬೈಯವ್ವಾ, ಬೈ. ನಾನ ಒಯ್ದೇನಿ."

"ಏನಂದ್ರಿ?"

"ಹತ್ತಿ ತುಂಬಿದ ಅಂಡಿಗಿ ಟ್ರ್ಯಾಕ್ಟರಿಗೆ ಬಿಗಿಯಾಕ ಹಗ್ಗ ಸಾಲಲಿಲ್ಲ. ಸಂಜಿಕ ಮತ್ತ ಕಟ್ಟಿದ್ರಾತು ಅಂದೆ."

"ಅಂಡಿಗಿ ಹೋಗಿ ಮೂರು ದಿನ ಆತಲ್ರಿ."

"ಆತವ್ವಾ."

ನರ್ಸಬಾಯಿ ಬಾಗಿಲಿಗೆ ಬಂದಳು. "ಹುಡುಗಿ ಅಜ್ಜಾನ್ನ ಕೇಳಾಕತ್ತಾಳ. ಬರ್ರಿ."

"ನೀ ಹೋಗು, ಸುವರ್ಣಾ. ನಾ ಯಾವ ಮಾರಿ ತಗೊಂಡು ಬರ್ಲಿ?"

"ನನ್ನ ಕರದಿಲ್ಲ ಆಕಿ, ನಿಮ್ಮನ್ನ ಕರದಾಳ. ಏಳ್ರಿ. ಆಕಿ ಮುಂದ ಅಳಬ್ಯಾಡ್ರಿ. ಉಳಿದದ್ದು ಮನಿಗೆ ಹೋದಮ್ಯಾಲೆ ಮಾತಾಡೂಣು."

ಅವಳು ಮುಂದೆ ನಡೆದಳು. ಮುದುಕ ರುಮಾಲಿನ ತುದಿಯಿಂದ ಮುಖ ಒರೆಸಿಕೊಂಡು, ನಾಲ್ಕು ಹೆಜ್ಜೆ ಹಿಂದೆ ಉಳಿದೇ ಒಳಗೆ ಹೋದ.